ರ‍್ಯಾಪಿಡ್ ಚೆಸ್‌ನಲ್ಲಿ ಗಡಿಯಾರದ ಶಿಸ್ತು

ಮಳೆಗಾಲದಲ್ಲಿ ಕುಟ್ಟ, ಸೋಮವಾರಪೇಟೆ ಕಡೆಯಿಂದ ಮಡಿಕೇರಿಗೆ ರ‍್ಯಾಪಿಡ್ ಚೆಸ್ (ಕಡಿಮೆ ಸಮಯದ ಚದುರಂಗ) ಟೂರ್ನಿಗೆ ಬರುವವರು ಒಂದು ಬಸ್ಸು ಮುಂಚೆಯೇ ಹೊರಡಿ. ಸುತ್ತು ಶುರುವಾದರೆ ತಡವಾದವರ ಗಡಿಯಾರವೇ ಓಡುತ್ತದೆ. ತಲಾ 15 ನಿಮಿಷ ಮತ್ತು ಪ್ರತಿ ನಡೆಗೆ 10 ಸೆಕೆಂಡ್ ಸೇರುವ ಆಟದಲ್ಲಿ ಆರು ನಿಮಿಷ ಹೋದರೆ ಉಳಿಯುವುದು ಒಂಬತ್ತೇ. ಎಷ್ಟು ತಡವಾದರೆ ಸೋಲು ಎಂಬುದನ್ನು ಟೂರ್ನಿಯ ನಿಯಮದಲ್ಲಿ ಮೊದಲೇ ನೋಡಿಕೊಳ್ಳಿ. ಅಲ್ಲಿ ಹೇಳಿರದಿದ್ದರೆ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮದಂತೆ ರಿಯಾಯಿತಿ ಸೊನ್ನೆ.

ಹೆಚ್ಚಿನ ಜಗಳ ಹುಟ್ಟುವುದು ಕೊನೆಯ ನಿಮಿಷದಲ್ಲಿ. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರದ ಗುಂಡಿ ಒತ್ತಬೇಕು. ಬಲಗೈಯಲ್ಲಿ ಕುದುರೆ ನಡೆಸಿ, ಎಡಗೈಯನ್ನು ಗಡಿಯಾರದ ಮೇಲೆ ಇಟ್ಟುಕೊಂಡಿರುವುದು ತಪ್ಪು. ಅವಸರದಲ್ಲಿ ಪಕ್ಕದ ಪೇದೆ ಉರುಳಿತೇ? ನಿಮ್ಮ ಸಮಯದಲ್ಲೇ ಎತ್ತಿಡಿ, ಆಮೇಲೆ ಒತ್ತಿ. ಉರುಳಿಸಿ ಒತ್ತಿಬಿಡುವುದು ಎದುರಾಳಿಯ ಸಮಯ ಕದ್ದಂತೆ, ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕು. ಕ್ಯಾಸಲಿಂಗ್‌ಗೆ (ರಾಜ, ಆನೆ ಎರಡನ್ನೂ ಸರಿಸುವ ಒಂದೇ ನಡೆ) ಎರಡೂ ಕೈ ಬಳಸಿ ಗಡಿಯಾರ ಒತ್ತಿದರೆ ಅಕ್ರಮ ನಡೆಗಿರುವ ದಂಡವೇ ಬೀಳುತ್ತದೆ: ಮೊದಲ ಸಲ ಎದುರಾಳಿಗೆ 2 ನಿಮಿಷ ಹೆಚ್ಚುವರಿ, ಎರಡನೇ ಸಲ ಸೋಲು.

ತಕರಾರಿದ್ದರೆ ಎದುರಾಳಿಯೊಡನೆ ವಾದ ಬೇಡ. ಗಡಿಯಾರ ನಿಲ್ಲಿಸಿ, ತೀರ್ಪು ನೀಡುವ ಆರ್ಬಿಟರ್‌ರನ್ನು ಕರೆಯಿರಿ.