ಬಳೆಗಾರನ ಕಡೆಯಿಂದ ಕೇಳಿದ ಹಾಡು

ನಮ್ಮ ಕಾಲೇಜಿನಲ್ಲಿ ಶನಿವಾರದ ಕೊನೆಯ ಅವಧಿ ಕನ್ನಡದ್ದು. ನಮ್ಮ ಮೇಷ್ಟ್ರು ಆ ಅವಧಿಯಲ್ಲಿ ಪಾಠ ಮಾಡುತ್ತಿರಲಿಲ್ಲ. ವಾರಕ್ಕೊಬ್ಬರು ತಮಗೆ ಇಷ್ಟವಾದ ಒಂದು ಹಾಡು ತರಬೇಕು. ಹಾಡಲು ಬಂದರೆ ಹಾಡಬೇಕು, ಬಾರದಿದ್ದರೆ ಕ್ಯಾಸೆಟ್ ತಂದು ವಿಭಾಗದ ಟೇಪ್ ರೆಕಾರ್ಡರಿನಲ್ಲಿ ಹಾಕಬೇಕು. ಮುಗಿದ ಮೇಲೆ ಅದು ಏಕೆ ಇಷ್ಟ ಎಂದು ಹೇಳಬೇಕು. ರಾಗ ಚೆನ್ನಾಗಿದೆ, ಸಾಹಿತ್ಯ ಚೆನ್ನಾಗಿದೆ ಎಂದರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ. “ಅದು ಹಾಡಿನ ವಿಷಯವಾಯಿತು. ನಿನ್ನ ವಿಷಯ ಹೇಳು” ಎನ್ನುತ್ತಿದ್ದರು. ಹೇಳಿದ್ದನ್ನು ಒಂದು ರಟ್ಟಿನ ಹೊದಿಕೆಯ ದಪ್ಪ ಪುಸ್ತಕದಲ್ಲಿ ನಮ್ಮ ಕೈಯಿಂದಲೇ ಬರೆಸಿಡುತ್ತಿದ್ದರು.

ಅದು ತೊಂಬತ್ತರ ದಶಕದ ಮೈಸೂರು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದಿತ್ತು. ಆಮೇಲೆ ಅಶ್ವಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್ ಇವರ ದನಿಗಳಲ್ಲಿ ಕವಿತೆ ಮನೆಮನೆಗೆ ಬಂತು. ಎಷ್ಟೋ ಪದ್ಯಗಳು ಪಠ್ಯಪುಸ್ತಕಕ್ಕಿಂತ ಮೊದಲೇ ನಮಗೆ ಬಾಯಿಪಾಠವಾಗಿದ್ದವು. ಅರ್ಥ ಗೊತ್ತಿದೆ ಎಂದೇ ನಾವು ತಿಳಿದಿದ್ದೆವು.

ಹಾವೇರಿ ಕಡೆಯ ಒಬ್ಬ ಸಹಪಾಠಿ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡಿದಾಗ ಹಿಂದಿನ ಬೆಂಚುಗಳಲ್ಲಿ ಪಿಸುಮಾತು ಎದ್ದಿತು. ಪ್ರೇಮಗೀತೆ ಎಂದುಕೊಂಡಿದ್ದರು. ಅವನು ಹಾಡಿ ಮುಗಿಸಿ, ಮಗುವನ್ನು ಕಳೆದುಕೊಂಡ ದುಃಖದಲ್ಲಿ ತನ್ನ ಮುಖವನ್ನೇ ನೋಡುತ್ತಿರುವ ಹೆಂಡತಿಗೆ ಗಂಡ ಹೇಳುವ ಮಾತು ಇದು ಎಂದ. “ನನ್ನ ಬೆನ್ನಿಗೆ ಹುಟ್ಟಿದ ತಂಗಿ ತೊಟ್ಟಿಲಲ್ಲೇ ಹೋದಳು. ಆಮೇಲೆ ಅಪ್ಪ ಬಹಳ ಕಾಲ ಅವ್ವನ ಮುಖ ನೋಡಿ ಮಾತನಾಡಲಿಲ್ಲ. ಅವ್ವನ ಮೇಲೆ ಸಿಟ್ಟಿದೆ ಎಂದು ನಾನು ತಿಳಿದಿದ್ದೆ” ಎಂದು ಹೇಳಿ ಕುಳಿತುಕೊಂಡ. ಅವನು ಪುಸ್ತಕದಲ್ಲಿ ಬರೆದದ್ದೂ ಅಷ್ಟೇ. ಇಂದಿಗೂ ಯಾವುದಾದರೂ ಮದುವೆಯ ಆರತಕ್ಷತೆಯಲ್ಲಿ ಆ ಹಾಡು ಹಾಡಿದರೆ ನನಗೆ ಅಲ್ಲಿ ನಿಲ್ಲಲು ಆಗುವುದಿಲ್ಲ.

ಕೊಡಗಿನ ಹುಡುಗ ದುಡಿ ಎಂಬ ಪುಟ್ಟ ಚರ್ಮವಾದ್ಯ ತಂದಿದ್ದ. ಅಲ್ಲಿನ ಸುಗ್ಗಿಹಬ್ಬ ಪುತ್ತರಿಯ ದಿನಗಳಲ್ಲಿ ನಾಲ್ವರು ಕೂಡಿ ಹಾಡುವ ‘ಬಾಳೋ ಬಾಳೋ’ ಪದವನ್ನು ಒಬ್ಬನೇ ಹಾಡಿದ. ಉಳಿದ ಮೂವರ ಜಾಗ ಖಾಲಿ ಎಂದು ಅವನ ದನಿಯಲ್ಲೇ ಕೇಳಿಸುತ್ತಿತ್ತು. ಸಿನಿಮಾ ಹಾಡು ತರಬಹುದೇ ಎಂಬ ಪ್ರಶ್ನೆ ಒಮ್ಮೆ ಎದ್ದಿತು. ಮೇಷ್ಟ್ರು ನಕ್ಕು, ‘ಜೀವನ ಚೈತ್ರ’ದ ‘ನಾದಮಯ’ಕ್ಕೆ ರಾಜ್‌ಕುಮಾರ್ ಅವರಿಗೆ ಗಾಯಕರೆಂದೇ ರಾಷ್ಟ್ರಪ್ರಶಸ್ತಿ ಬಂದಿದೆ, ಬೇಡ ಎನ್ನಲು ನಾನು ಯಾರು ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ನನ್ನ ಸರದಿ ಬಂದಾಗ ನಾನು ಹಾಡಿದ್ದು ‘ಭಾಗ್ಯದ ಬಳೆಗಾರ’. ಎಲ್ಲರಿಗೂ ಗೊತ್ತಿದ್ದ ಹಾಡು. ತವರಿನ ಹಂಬಲದ ಹಾಡು ಎಂದೇ ಹೆಣ್ಣುಮಕ್ಕಳು ಅದನ್ನು ಕಣ್ಣು ತೇವ ಮಾಡಿಕೊಂಡು ಕೇಳುತ್ತಾರೆ. ನನಗೆ ಅದು ಬೇರೆ ರೀತಿ ಕೇಳಿಸುತ್ತಿತ್ತು. ನನ್ನ ಅಪ್ಪ ಬಳೆಗಾರ. ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಬಳೆಯ ಮಲಾರ ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತಿದ್ದರು. ಕಿಕ್ಕೇರಿಯವರೆಗೆ ಬಸ್ಸು, ಅಲ್ಲಿಂದ ಮುಂದೆ ಕಾಲು. ಹಾಡಿನಲ್ಲಿ ಗಂಡನ ಮನೆಯಲ್ಲಿರುವ ಹೆಣ್ಣು ತನ್ನ ತವರಿಗೆ ಹೋಗಿ ಬಾ ಎಂದ ಕೂಡಲೇ ಬಳೆಗಾರ, ನಿನ್ನ ತವರೂರು ನನಗೆ ಗೊತ್ತಿಲ್ಲವಲ್ಲ ತಾಯಿ ಎನ್ನುತ್ತಾನೆ. ಅವಳು ಹಾದಿ ಹೇಳುತ್ತಾಳೆ: ಬಾಳೆಯನ್ನು ಬಲಕ್ಕೆ ಬಿಡು, ಸೀಬೆಯನ್ನು ಎಡಕ್ಕೆ ಬಿಡು, ನಟ್ಟನಡುವೆ ಹೋಗು, ಹಂಚಿನ ಮನೆ, ಕಂಚಿನ ಕದ, ಆಲೆಮನೆ, ಗಾಣ. ಅಪ್ಪನಿಗೆ ಜನ ಹಾದಿ ಹೇಳುತ್ತಿದ್ದದ್ದು ಹೀಗೆಯೇ. ಮನೆಯ ಸಂಖ್ಯೆ, ಬೀದಿಯ ಹೆಸರು ಯಾರೂ ಹೇಳುತ್ತಿರಲಿಲ್ಲ. ಹುಣಸೆಮರ, ಬಾವಿ, ಹೊಸದಾಗಿ ಸುಣ್ಣ ಬಳಿದ ಗೋಡೆ.

ಇದನ್ನು ಹೇಳುತ್ತಾ ಹೇಳುತ್ತಾ ನಾನು ಅಪ್ಪನ ಕೆಲಸದ ಬಗ್ಗೆಯೇ ಮಾತನಾಡಿದೆ. ಬಳೆಯ ಅಳತೆ ಅಂಗುಲ ಮತ್ತು ಅದರ ಹದಿನಾರನೆಯ ಪಾಲಿನಲ್ಲಿ ಇರುತ್ತದೆ. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು. ಅಪ್ಪ ಅಳೆಯುತ್ತಿರಲಿಲ್ಲ. ಕೈ ಹಿಡಿದು ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಅಮುಕಿದರೆ ಸಾಕು. ಗಾಜು ತೊಡಿಸುವಾಗ ಕೈ ಸಡಿಲ ಬಿಡಬೇಕು, ಅದಕ್ಕಾಗಿ ಮಾತು ಬೇಕು. ಮಳೆ, ಬೆಳೆ, ಮಗುವಿನ ಹಲ್ಲು, ಏನಾದರೂ ಮಾತು. ತೊಟ್ಟ ಮೇಲೆ ಮುತ್ತೈದೆಯರು ಬಳೆಗಾರನಿಗೆ ನಮಸ್ಕಾರ ಮಾಡುತ್ತಾರೆ, ವಯಸ್ಸು ನೋಡುವುದಿಲ್ಲ. ಕೊಡುವುದು ಕೆಲವೊಮ್ಮೆ ಹಣ, ಕೆಲವೊಮ್ಮೆ ಅಕ್ಕಿ, ಬೆಲ್ಲ, ತೆಂಗಿನಕಾಯಿ.

ಮೇಷ್ಟ್ರು ಆ ದಿನ ತರಗತಿಗೆ ಇನ್ನೊಂದು ವಿಷಯ ನೆನಪಿಸಿದರು. ‘ಮೈಸೂರ ಮಲ್ಲಿಗೆ’ಯ ಬಳೆಗಾರ ಚೆನ್ನಯ್ಯ. ಜನಪದದ ಬಳೆಗಾರ ಗಂಡನ ಮನೆಯಿಂದ ತವರಿಗೆ ಹೊರಟವನು. ಚೆನ್ನಯ್ಯ ನವಿಲೂರಿನಿಂದ, ಹೆಂಡತಿಯ ತವರಿನಿಂದ, ಗಂಡನ ಬಾಗಿಲಿಗೆ ಮಾತು ಹೊತ್ತು ತಂದವನು. 1942ರ ಆ ಸಂಕಲನದ ಕವಿ ನರಸಿಂಹಸ್ವಾಮಿಯವರು ಹುಟ್ಟಿದ್ದು ಕಿಕ್ಕೇರಿಯಲ್ಲೇ. ನನ್ನ ಅಪ್ಪ ಬಸ್ಸಿಳಿಯುತ್ತಿದ್ದ ಊರು ಅದು! ಆ ಗಳಿಗೆಯ ನನ್ನ ಹೆಮ್ಮೆಯನ್ನು ಹೇಗೆ ಹೇಳಲಿ? ಓದಿನಲ್ಲಿ ಎಂದೂ ಸಿಗದ ನಮ್ಮ ಮನೆ ಏಕಾಏಕಿ ಕನ್ನಡ ಸಾಹಿತ್ಯದ ಒಳಗೆ ಕುಳಿತಿತ್ತು.

ಗೌರಿ ಹಬ್ಬದ ಹಿಂದಿನ ಶನಿವಾರ ಮೇಷ್ಟ್ರು ಅಪ್ಪನನ್ನೇ ಕರೆಸಿದರು. ಅಪ್ಪ ಮಲಾರದೊಂದಿಗೆ ಬಂದರು. ಮೇಜಿನ ಮೇಲೆ ಬಳೆ ಹರಡಿ, ಹಾಸ್ಟೆಲಿನ ಹುಡುಗಿಯರಿಗೆ ತೊಡಿಸುತ್ತಾ ಕುಳಿತರು. ನಾವು ಆ ಹಾಡು ಹಾಡಿದೆವು. ಕೆಂಪು ಬಳೆ, ಹಸಿರು ಗೀರಿನ ಬಳೆ ಅವ್ವನಿಗೆ ಬಲು ಆಸೆ ಎಂಬ ಸಾಲು ಬಂದಾಗ ಅಪ್ಪ ಕೈ ನಿಲ್ಲಿಸಿ, “ಬಣ್ಣ ಹೇಳಿದಳು, ಹಾದಿ ಹೇಳಿದಳು. ಅಳತೆ ಹೇಳಲೇ ಇಲ್ಲವಲ್ಲ” ಎಂದರು. ಮೇಷ್ಟ್ರು ಹಾಗಾದರೆ ಬಳೆಗಾರ ಏನು ಮಾಡಬೇಕು ಎಂದು ಕೇಳಿದರು. “ಮಗಳ ಕೈಗೆ ತೊಡಿಸಿದ್ದಾನಲ್ಲ ಸ್ವಾಮಿ, ಅವ್ವನ ಕೈ ಅದೇ ಇರುತ್ತದೆ. ಕೆಲಸ ಮಾಡಿದ ಕೈಯಾದರೆ ಒಂದು ಅಳತೆ ಮೇಲೆ.”

ಯಾರೋ, ಊರಿಂದೂರಿಗೆ ಸುದ್ದಿ ಒಯ್ಯುತ್ತೀರಾ ಎಂದು ಕೇಳಿದರು. ಅಪ್ಪ, ಒಯ್ಯಿ ಎಂದು ಹೇಳಿದ್ದನ್ನು ಮಾತ್ರ ಒಯ್ಯುತ್ತೇನೆ, ಕಂಡದ್ದನ್ನು ಒಯ್ಯುವುದಿಲ್ಲ ಎಂದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಆ ಮಾತನ್ನು ಅವರ ಬಾಯಲ್ಲಿ ಕೇಳಿರಲಿಲ್ಲ. ಹಾಡೊಂದು ನಡುವೆ ಇಲ್ಲದಿದ್ದರೆ ಯಾರು ಕೇಳುತ್ತಿದ್ದರು, ಅವರು ಯಾರಿಗೆ ಹೇಳುತ್ತಿದ್ದರು?

ಅಪ್ಪ ಈಗಿಲ್ಲ. ನಾನು ಪುಣೆಯಲ್ಲಿದ್ದೇನೆ. ನಮ್ಮ ತರಗತಿಯ ಕೆಲವರು ಮೊಬೈಲ್‌ನಲ್ಲಿ ಒಂದು ಗುಂಪು ಮಾಡಿಕೊಂಡು ಶನಿವಾರಕ್ಕೊಂದು ಹಾಡು ಹಂಚಿಕೊಳ್ಳುತ್ತಿದ್ದೇವೆ. ನಿಯಮ ಹಳೆಯದೇ: ಕೊಂಡಿ ಕಳುಹಿಸಿ ಸುಮ್ಮನಾಗುವಂತಿಲ್ಲ, ತನ್ನ ವಿಷಯ ಹೇಳಬೇಕು. ಮಕ್ಕಳು ದೂರ ಹೋದ ಮನೆಗಳು, ಆಸ್ಪತ್ರೆಯ ರಾತ್ರಿಗಳು, ಮೊಮ್ಮಗಳ ನಾಮಕರಣ, ಎಲ್ಲವೂ ಹಾಡಿನ ಜೊತೆ ಬರುತ್ತವೆ.

ಕಾಲೇಜಿನ ಈಗಿನ ಅಧ್ಯಾಪಕರಲ್ಲಿ ಒಂದು ವಿನಂತಿ. ಆ ರಟ್ಟಿನ ಹೊದಿಕೆಯ ಪುಸ್ತಕ ಕನ್ನಡ ವಿಭಾಗದ ಬೀರುವಿನಲ್ಲಿ ಇನ್ನೂ ಇದ್ದರೆ ದಯವಿಟ್ಟು ಹುಡುಕಿಸಿ. ಗೌರಿ ಹಬ್ಬದ ಆ ವಾರದ ಪುಟದಲ್ಲಿ ಅಪ್ಪ ಮೇಷ್ಟ್ರ ಒತ್ತಾಯಕ್ಕೆ ತಮ್ಮ ಹೆಸರು ಬರೆದು, ಕೆಳಗೆ ‘ಬಳೆ ವ್ಯಾಪಾರ’ ಎಂದು ಬರೆದಿದ್ದಾರೆ. ಆ ಪುಟದ ಛಾಯಾಪ್ರತಿ ನನಗೆ ಬೇಕು.