ಸೈಟೋಕೈನ್ ಮತ್ತು ಸ್ತನ ಕ್ಯಾನ್ಸರ್ ಕೋಶ: ನಕ್ಷೆಯ ಕೆಲಸ ಎಲ್ಲಿಗೆ ಬಂದಿದೆ

ಪದವಿ ವಿದ್ಯಾರ್ಥಿಗಳಿಗಾಗಿ ನಾನು ಕನ್ನಡದಲ್ಲಿ ಬರೆಯುತ್ತಿರುವ ಗೋಡೆನಕ್ಷೆಯ ನಡುಭಾಗ ಈಗ ಒಂದು ರೂಪಕ್ಕೆ ಬಂದಿದೆ. ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಕ್ಯಾನ್ಸರ್ ಕುಗ್ಗುತ್ತದೆ ಎಂಬ ನಂಬಿಕೆ ಎಷ್ಟು ಬಲವಾಗಿದೆಯೆಂದರೆ, ಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ಪುಟ್ಟ ಪ್ರೋಟೀನುಗಳಾದ ಸೈಟೋಕೈನ್‌ಗಳನ್ನು ಒಳ್ಳೆಯವು, ಕೆಟ್ಟವು ಎಂದು ವಿಂಗಡಿಸಿಬಿಡುವುದು ಬಹಳ ಸುಲಭ. ಅದನ್ನು ತಪ್ಪಿಸಬೇಕೆಂದೇ ನಕ್ಷೆಯ ಸಾಲುಗಳನ್ನು ಅಣುಗಳ ಹೆಸರಿನಲ್ಲಿ ಅಲ್ಲ, ಸಂದೇಶ ಪಡೆಯುವ ಕೋಶಗಳ ಹೆಸರಿನಲ್ಲಿ ಜೋಡಿಸಿದ್ದೇನೆ.

ಮೊದಲ ಸಾಲು ಎಂಸಿಎಫ್-7. 1973ರಲ್ಲಿ ಅಮೆರಿಕದ ಮಿಷಿಗನ್ ಕ್ಯಾನ್ಸರ್ ಫೌಂಡೇಶನ್‌ನಿಂದ ಹೊರಬಂದ ಈ ಕೋಶಸಾಲಿನಲ್ಲಿ (ಪ್ರಯೋಗಾಲಯದಲ್ಲಿ ಬೆಳೆಸುತ್ತಾ ಬಂದಿರುವ ಸ್ತನ ಕ್ಯಾನ್ಸರ್ ಕೋಶಗಳ ವಂಶದಲ್ಲಿ) ಈಸ್ಟ್ರೋಜನ್ ಹಾರ್ಮೋನಿನ ಸಂದೇಶ ಹಿಡಿಯುವ ಗ್ರಾಹಕಗಳಿವೆ. ಕೋಶದ ಸ್ವಯಂಮರಣಕ್ಕೆ ಮುಖ್ಯವಾದ ಕ್ಯಾಸ್ಪೇಸ್-3 ಕಿಣ್ವದ ಜೀನ್‌ನಲ್ಲಿ 47 ಬೇಸ್ ಜೋಡಿಗಳು ಕಳೆದುಹೋಗಿರುವುದರಿಂದ ಆ ಕಿಣ್ವವೇ ಇದರಲ್ಲಿ ತಯಾರಾಗುವುದಿಲ್ಲ; ಆದರೂ ಟಿಎನ್ಎಫ್-ಆಲ್ಫಾ ಎಂಬ ಸೈಟೋಕೈನ್ ತಗುಲಿದಾಗ ಇದರ ಹಲವು ಉಪಸಾಲುಗಳು ಸಾಯುತ್ತವೆ. ಎರಡನೆಯ ಸಾಲಾದ ಎಂಡಿಎ-ಎಂಬಿ-231 ತ್ರಿವಳಿ ಋಣಾತ್ಮಕ ಬಗೆಯದು, ಅಂದರೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳಿಲ್ಲದ, ಎಚ್ಇಆರ್2 ಪ್ರೋಟೀನು ಹೆಚ್ಚಿಲ್ಲದ ಬಗೆ. ಅದರಲ್ಲಿ ಕೋಶವನ್ನು ಸಾವಿನಿಂದ ಕಾಯುವ ಜೀನ್‌ಗಳನ್ನು ಚಾಲೂ ಮಾಡುವ ಎನ್ಎಫ್-ಕಪ್ಪಾಬಿ ಪ್ರೋಟೀನು ಸದಾ ಚುರುಕಾಗಿರುವುದರಿಂದ ಅದೇ ಟಿಎನ್ಎಫ್‌ಗೆ ಅದು ಬಹುಮಟ್ಟಿಗೆ ಜಗ್ಗುವುದಿಲ್ಲ.

ಹೆಚ್ಚು ಸಮಯ ಹಿಡಿದದ್ದು ಇನ್ನೊಂದು ಸೈಟೋಕೈನ್ ಆದ ಇಂಟರ್‌ಲ್ಯೂಕಿನ್-6. ಎಂಡಿಎ-ಎಂಬಿ-231 ಕೋಶಗಳು ಅದನ್ನು ತಾವೇ ಧಾರಾಳವಾಗಿ ಸ್ರವಿಸುತ್ತವೆ. ಎಂಸಿಎಫ್-7 ಕೋಶಗಳಿಗೆ ಅದು ಹೆಚ್ಚಾಗಿ ಹೊರಗಿನಿಂದಲೇ ಬರಬೇಕು. ಬಂದ ಸಂದೇಶ ಜಿಪಿ130 ಗ್ರಾಹಕದಿಂದ ಜ್ಯಾಕ್ ಕಿಣ್ವಗಳಿಗೆ ದಾಟುತ್ತದೆ, ಅವು ಸ್ಟ್ಯಾಟ್-3 ಪ್ರೋಟೀನಿನ 705ನೆಯ ಟೈರೋಸಿನ್‌ಗೆ ಫಾಸ್ಫೇಟ್ ಸೇರಿಸುತ್ತವೆ, ಬಳಿಕ ಸ್ಟ್ಯಾಟ್-3 ಕೋಶಕೇಂದ್ರವನ್ನು ಸೇರಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕೋಶಗಳನ್ನು ಪರಸ್ಪರ ಹಿಡಿದಿಡುವ ಇ-ಕ್ಯಾಡ್‌ಹೆರಿನ್ ಕುಗ್ಗಿ, ಅವು ಬಿಡಿಬಿಡಿಯಾಗಿ ಚಲಿಸತೊಡಗುತ್ತವೆ. ಆದರೆ ಕೆಲವು ಸ್ತನ ಕ್ಯಾನ್ಸರ್ ಕೋಶಸಾಲುಗಳಲ್ಲಿ ಇದೇ ಅಣು ವಿಭಜನೆಯನ್ನು ನಿಧಾನಗೊಳಿಸುವುದೂ 1980ರ ದಶಕದ ಕೊನೆಯಿಂದಲೇ ದಾಖಲಾಗಿದೆ. ಬೆಳವಣಿಗೆಯೂ ಚಲನೆಯೂ ಬೇರೆ ಬೇರೆ ಗುಣಗಳಾದುದರಿಂದ ಎರಡಕ್ಕೂ ಪ್ರತ್ಯೇಕ ಬಾಣ ಎಳೆದಿದ್ದೇನೆ. ಇಡೀ ನಕ್ಷೆಯಲ್ಲಿ ವಿದ್ಯಾರ್ಥಿಗಳು ನಿಂತು ನೋಡಬೇಕಾದ ಜಾಗ ಇದೇ ಎಂಬುದು ನನ್ನ ಅಭಿಪ್ರಾಯ.

ಇಂಟರ್‌ಫೆರಾನ್-ಗಾಮಾ ಭಾಗವೂ ಮುಗಿದಿದೆ. ಈ ಸೈಟೋಕೈನ್ ಕ್ಯಾನ್ಸರ್ ಕೋಶದ ಮೇಲ್ಮೈಯಲ್ಲಿ, ಒಳಗಿನ ಪ್ರೋಟೀನ್ ತುಣುಕುಗಳನ್ನು ಹೊರಗೆ ತೋರಿಸುವ ಎಚ್ಎಲ್ಎ ಅಣುಗಳನ್ನು ಹೆಚ್ಚಿಸಿ ರೋಗನಿರೋಧಕ ಟಿ-ಕೋಶಗಳ ಕಣ್ಣಿಗೆ ಬೀಳುವಂತೆ ಮಾಡುತ್ತದೆ, ಜೊತೆಗೆ ಟಿ-ಕೋಶಗಳನ್ನು ತಡೆಯುವ ಪಿಡಿ-ಎಲ್1 ಅನ್ನೂ ಏರಿಸುತ್ತದೆ. ಈ ತಡೆಯನ್ನು ಬಿಡಿಸುವ ಔಷಧವಾದ ಪೆಂಬ್ರೋಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2020ರಲ್ಲಿ ಪಿಡಿ-ಎಲ್1 ಇರುವ, ಹರಡಿದ ತ್ರಿವಳಿ ಋಣಾತ್ಮಕ ಸ್ತನ ಕ್ಯಾನ್ಸರಿಗೆ ಕಿಮೊಥೆರಪಿಯೊಂದಿಗೆ ಅನುಮತಿ ದೊರೆಯಿತು. ಅದನ್ನು ಅಂಚಿನಲ್ಲಿ ನಮೂದಿಸಿದ್ದೇನೆ.

ಟಿಜಿಎಫ್-ಬೀಟಾ ಎಂಬ ಸೈಟೋಕೈನ್ ಇನ್ನೂ ಬಾಕಿ ಇದೆ. ಅದಕ್ಕೂ ಮುನ್ನ ಸ್ತನದ ಕೊಬ್ಬಿನ ಅಂಗಾಂಶವನ್ನು ಬರೆಯಬೇಕು, ಏಕೆಂದರೆ ಅಲ್ಲಿನ ಕೋಶಗಳಲ್ಲಿ ಟಿಎನ್ಎಫ್ ಮತ್ತು ಇಂಟರ್‌ಲ್ಯೂಕಿನ್-6 ಈಸ್ಟ್ರೋಜನ್ ತಯಾರಿಸುವ ಅರೊಮಟೇಸ್ ಕಿಣ್ವವನ್ನು ಹೆಚ್ಚಿಸುತ್ತವೆ, ಹಾಗೆ ಹುಟ್ಟಿದ ಈಸ್ಟ್ರೋಜನ್ ಮತ್ತೆ ಎಂಸಿಎಫ್-7ರಂತಹ ಕೋಶಗಳನ್ನೇ ತಲುಪುತ್ತದೆ.