ಎಡಗೈಯಲ್ಲಿ ಬಿಪಿ ಸಿಗಲಿಲ್ಲ

ನನ್ನ ತಂಗಿ ದಿನಾ ಡೊಂಬಿವಲಿಯಿಂದ ಘಾಟ್ಕೋಪರ್‌ಗೆ ಮುಂಬೈ ಲೋಕಲ್ ರೈಲಿನಲ್ಲಿ ಹೋಗಿಬರುತ್ತಾಳೆ. "ಅಕ್ಕಾ, ಎಡಗೈಯಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತ್ರೆ ಠಾಣೆ ಬರೋದ್ರೊಳಗೆ ಕೈ ಸೋತು ಹೋಗುತ್ತೆ" ಅಂತ ಅವಳು ಹೇಳಲು ಶುರು ಮಾಡಿದಾಗ ಎಲ್ಲ ಗರ್ದಿಯ ಆಯಾಸ ಅಂದುಕೊಂಡೆವು. ಸುಸ್ತು, ಸಣ್ಣ ಜ್ವರ, ತೂಕ ಇಳಿಯೋದು ಕೂಡ ಇತ್ತು. ಅಮ್ಮ ರಾಗಿ ಗಂಜಿ ಮಾಡಿಕೊಟ್ಟಳು, ಅಷ್ಟೇ. ಇಪ್ಪತ್ತಾರರ ಹುಡುಗಿಗೆ ರಕ್ತನಾಳದ ಕಾಯಿಲೆ ಅಂತ ಯಾರಿಗೆ ಹೊಳೆಯುತ್ತದೆ?

ಹತ್ತಿರದ ದವಾಖಾನೆಯಲ್ಲಿ ಎಡಗೈಗೆ ಬಿಪಿ ಪಟ್ಟಿ ಸುತ್ತಿದರು. ಎರರ್ ಬಂತು. ಸೆಲ್ ಬದಲಾಯಿಸಿದರು, ಮತ್ತೆ ಎರರ್. ಮೆಷಿನ್ ಕೆಟ್ಟಿದೆ ಅಂತ ಮನೆಗೆ ಕಳಿಸಿಬಿಟ್ಟರು. ಮೂರು ತಿಂಗಳು ಹಾಗೇ ಹೋಯಿತು, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ಬೇರೆ ಡಾಕ್ಟರೊಬ್ಬರು ಅವಳ ಎರಡೂ ಮಣಿಕಟ್ಟು ಒಟ್ಟಿಗೆ ಹಿಡಿದು ತುಂಬಾ ಹೊತ್ತು ಸುಮ್ನೆ ಕೂತರು. "ಎಡಗಡೆ ನಾಡಿನೇ ಸಿಗ್ತಿಲ್ಲ" ಅಂದರು. ಬಲಗೈಯಲ್ಲಿ ಬಿಪಿ 150 ಇತ್ತು.

ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ಸಿಟಿ ಆಂಜಿಯೋ ಆದ ಮೇಲೆ ಹೆಸರು ಗೊತ್ತಾಯಿತು, ತಕಾಯಾಸು ಆರ್ಟರೈಟಿಸ್. 1908ರಲ್ಲಿ ಇದನ್ನು ವರದಿ ಮಾಡಿದ ಜಪಾನಿನ ಕಣ್ಣಿನ ಡಾಕ್ಟರ್ ಮಿಕಿಟೊ ತಕಾಯಾಸು ಅವರ ಹೆಸರು ಅದು. ನಮ್ಮದೇ ರೋಗನಿರೋಧಕ ಶಕ್ತಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ ಮತ್ತು ಅದರ ಕವಲುಗಳ ಮೇಲೆ ತಿರುಗಿಬೀಳುತ್ತದೆ, ನಾಳದ ಗೋಡೆ ಊದಿ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ಕೊಲೆಸ್ಟ್ರಾಲ್ ಕಟ್ಟಿಕೊಂಡು ಆಗುವ ಬ್ಲಾಕ್ ಬೇರೆ, ಇದು ಬೇರೆ. ಬರುವುದು ಹೆಚ್ಚಾಗಿ ನಲವತ್ತರೊಳಗಿನ ಹೆಣ್ಣುಮಕ್ಕಳಿಗೆ, ಅದರಲ್ಲೂ ನಮ್ಮ ಏಷ್ಯಾದ ಕಡೆ ಜಾಸ್ತಿ.

ಔಷಧಿ ಶುರುವಾಗಿದ್ದು ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್‌ನಿಂದ. ಅದರ ಜೊತೆ ವಾರಕ್ಕೊಂದೇ ದಿನ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್, ಮೂಳೆಗೆ ಕ್ಯಾಲ್ಸಿಯಂ. ಅದಕ್ಕೂ ಮೊದಲು ಟಿಬಿ ಇಲ್ಲ ಅಂತ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡರು. ಸ್ಟಿರಾಯ್ಡ್‌ನಿಂದ ಮುಖ ದುಂಡಗಾಯಿತು. ಗಣಪತಿ ಹಬ್ಬಕ್ಕೆ ಬಂದ ಅತ್ತೆ "ಏನೇ ಇಷ್ಟು ಊದಿದೀಯ, ಆ ಮಾತ್ರೆ ಬಿಟ್ಟುಬಿಡು" ಅಂದರು. ಅವತ್ತು ರಾತ್ರಿ ಇವಳು ಮಾತ್ರೆಯ ಪಟ್ಟಿಯನ್ನು ಬೆರಳಲ್ಲಿ ತಿರುಗಿಸುತ್ತಾ ಅಳುತ್ತಾ ಕೂತಿದ್ದಳು. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ. ಬಹಳ ದಿನ ತಗೊಂಡ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು, ಉರಿಯೂತವೂ ಮರಳಬಹುದು. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಉರಿಯೂತ ಎಷ್ಟಿದೆ ಅಂತ ನೋಡುವ ರಕ್ತಪರೀಕ್ಷೆಗಳು, ಇಎಸ್‌ಆರ್, ಸಿಆರ್‌ಪಿ ನಾರ್ಮಲ್ ಬಂದರೂ ಒಳಗೆ ಕಾಯಿಲೆ ನಡೆಯುತ್ತಿರಬಹುದು, ಅದಕ್ಕೇ ಆಗಾಗ ಸ್ಕ್ಯಾನ್. ಇನ್ನೊಂದು ಮಾತು, ನಾಳ ಕಿರಿದಾದ ಕೈಯಲ್ಲಿ ಬಿಪಿ ಕಡಿಮೆ ತೋರಿಸುತ್ತದೆ, ನಿಜವಾದ ಬಿಪಿ ಏರಿದ್ದರೂ ಗೊತ್ತಾಗುವುದಿಲ್ಲ. ಎರಡೂ ಕೈಯಲ್ಲಿ ನೋಡಲು ಕೇಳಿ. ಎರಡೂ ಕೈಯ ನಾಳ ಕಿರಿದಾಗಿದ್ದರೆ ಕಾಲಲ್ಲಿ ನೋಡುತ್ತಾರೆ.

ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅಮ್ಮ ಅವಳ ಬಿಪಿ ಬರೆದಿಡುತ್ತಾಳೆ, ಪ್ರತಿ ಅಂಕಿಯ ಮುಂದೆ "ಬಲ" ಅಂತ.